ಬಿಳಿ ಪುಡಿಯ ಮೈಗಾವಲು

ಮಳೆಗಾಲ ಕಳೆಯುತ್ತಿದ್ದಂತೆ ಕರಾವಳಿ, ಮಲೆನಾಡಿನ ಎಲೆಕ್ಟ್ರಿಷಿಯನ್‌ಗಳಿಗೆ ಪದೇ ಪದೇ ಬರುವ ಕರೆ ಒಂದಿದೆ. ಎರಡು ಮೂರು ತಿಂಗಳು ಬೀಗ ಹಾಕಿದ್ದ ಮನೆಗೆ ಜನ ಮರಳುತ್ತಾರೆ, ಸ್ನಾನಕ್ಕೆಂದು ಗೀಸರ್ ಸ್ವಿಚ್ ಹಾಕುತ್ತಾರೆ, ಮರುಕ್ಷಣವೇ ಮನೆಯ ಕರೆಂಟೆಲ್ಲ ಹೋಗುತ್ತದೆ. ಕರೆಂಟು ಸೋರಿದರೆ ಲೈನು ಕಡಿಯಲೆಂದು ಬೋರ್ಡಿನಲ್ಲಿರುವ ಆರ್‌ಸಿಸಿಬಿ ಟ್ರಿಪ್ ಆಗಿರುತ್ತದೆ. ಮೇಲೆತ್ತಿದರೆ ಮತ್ತೆ ಬೀಳುತ್ತದೆ. ಗೀಸರ್ ಹಳೆಯದಲ್ಲ, ಟ್ಯಾಂಕ್ ಸೋರುತ್ತಿಲ್ಲ, ವೈರು ಸುಟ್ಟಿಲ್ಲ. ಹಾಗಿದ್ದರೆ ಕರೆಂಟು ಸೋರುತ್ತಿರುವುದು ಎಲ್ಲಿ? ಎಷ್ಟೋ ಸಲ ಉತ್ತರ ನೀರು ಕಾಯಿಸುವ ರಾಡಿನ ಒಳಗೇ ಇರುತ್ತದೆ. ಅಲ್ಲಿ ತುಂಬಿರುವ ಬಿಳಿ ಪುಡಿ ಮಳೆಗಾಲದ ಗಾಳಿಯಿಂದ ತೇವ ಹೀರಿಕೊಂಡಿರುತ್ತದೆ.

ಆ ಪುಡಿಯ ಹೆಸರು ಮೆಗ್ನೀಷಿಯಂ ಆಕ್ಸೈಡ್. ಕೈಗಾರಿಕೆಯವರು ಮೆಗ್ನೀಷಿಯಾ ಎನ್ನುತ್ತಾರೆ. ಗೀಸರ್, ಇಮ್ಮರ್ಶನ್ ರಾಡ್, ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ, ಓವನ್ ಹೀಗೆ ಬಿಸಿ ಮಾಡುವ ಬಹುಪಾಲು ಉಪಕರಣಗಳಲ್ಲಿ ಅದಿದೆ. ದಿನವೂ ನಾವು ಅದರ ಪಕ್ಕದಲ್ಲೇ ಓಡಾಡುತ್ತೇವೆ, ಒಮ್ಮೆಯೂ ಕಂಡಿರುವುದಿಲ್ಲ. ತೇವದಿಂದ ಅದನ್ನು ಕಾಪಾಡಲು ಅದರ ಒಂದೊಂದು ಕಣದ ಮೈಗೂ ಅತಿ ತೆಳುವಾದ ಲೇಪ ಹಚ್ಚುವ ವಿದ್ಯೆಯೊಂದು ಬೆಳೆದಿದೆ. ಆ ಲೇಪ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ರಸಾಯನ ವಿಜ್ಞಾನಿಗಳಷ್ಟೇ ತಿಳಿದಿದ್ದರೆ ಸಾಕಾಗುವ ವಿಷಯವಲ್ಲ. ಬಚ್ಚಲುಮನೆಯಲ್ಲಿ ಗೀಸರ್ ಇರುವ ಪ್ರತಿಯೊಬ್ಬರಿಗೂ ಅದು ಸಂಬಂಧಿಸಿದ್ದು.

ರಾಡಿನ ಒಳಗೆ

ಹೀಟರ್ ರಾಡನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಮೂರು ಪದರ ಕಾಣುತ್ತವೆ. ಹೊರಗೆ ತಾಮ್ರದ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ. ನಟ್ಟನಡುವೆ ಸುರುಳಿ ಸುತ್ತಿದ ನೈಕ್ರೋಮ್ ತಂತಿ. ಇವೆರಡರ ಮಧ್ಯೆ ಒತ್ತಿ ಗಟ್ಟಿಯಾದ ಬಿಳಿ ಪುಡಿ. ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿದ ನೈಕ್ರೋಮ್‌ಗೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದರು. ಕೆಂಪಗೆ ಕಾದರೂ ಬೇಗ ಸುಟ್ಟು ತುಂಡಾಗದ ತಂತಿ ಕೈಗೆ ಸಿಕ್ಕ ಮೇಲೆ ಮನೆಬಳಕೆಯ ವಿದ್ಯುತ್ ಒಲೆ, ಇಸ್ತ್ರಿಪೆಟ್ಟಿಗೆಗಳಿಗೆ ದಾರಿ ತೆರೆಯಿತು. ಆದರೆ 230 ವೋಲ್ಟ್ ಹರಿಯುವ ಬರಿಯ ತಂತಿಯನ್ನು ಬಕೆಟ್ ನೀರಿನಲ್ಲಿ ಅದ್ದುವಂತಿಲ್ಲ. ತಂತಿಗೂ ಕೊಳವೆಗೂ ನಡುವೆ ಬಿಸಿಯನ್ನು ಬಿಟ್ಟುಕೊಡುವ, ಕರೆಂಟನ್ನು ತಡೆಯುವ ಪದಾರ್ಥವೊಂದು ಬೇಕು.

ಇದು ಕೇಳಿದಷ್ಟು ಸುಲಭದ ಬೇಡಿಕೆಯಲ್ಲ. ಲೋಹಗಳು ಬಿಸಿಯನ್ನೂ ಕರೆಂಟನ್ನೂ ಹರಿಯಬಿಡುತ್ತವೆ. ರಬ್ಬರು, ಪ್ಲಾಸ್ಟಿಕ್ ಎರಡನ್ನೂ ತಡೆಯುತ್ತವೆ. ಬಿಸಿಗೆ ದಾರಿ ಕೊಟ್ಟು ಕರೆಂಟಿಗೆ ಗೋಡೆಯಾಗುವ, ಜೊತೆಗೆ ಕೆಂಪಗೆ ಕಾದ ತಂತಿಯ ಪಕ್ಕದಲ್ಲಿ ವರ್ಷಗಟ್ಟಲೆ ಕೂರಬಲ್ಲ, ಬೆಲೆಯಲ್ಲೂ ಕೈಗೆಟಕುವ ವಸ್ತುಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಮೆಗ್ನೀಷಿಯಾ ಮೊದಲನೆಯದು. ಅದು ಕರಗಬೇಕಾದರೆ 2,800 ಡಿಗ್ರಿ ಸೆಲ್ಸಿಯಸ್ ದಾಟಬೇಕು.

ತಯಾರಿಸುವಾಗ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ, ತಂತಿಯನ್ನು ಸರಿಯಾಗಿ ನಡುವೆ ಹಿಡಿದು, ಯಂತ್ರದಿಂದ ಅದುರಿಸುತ್ತ ಪುಡಿ ಸುರಿಯುತ್ತಾರೆ. ತುಂಬಿದ ಕೊಳವೆಯನ್ನು ರೋಲರ್‌ಗಳ ನಡುವೆ ಹಾಯಿಸಿ ವ್ಯಾಸ ಇಳಿಸುತ್ತಾರೆ. ಒಳಗಿನ ಪುಡಿ ಒತ್ತಡಕ್ಕೆ ಸಿಕ್ಕಿ, ಘನ ಸೆಂಟಿಮೀಟರಿಗೆ ಸುಮಾರು 3 ಗ್ರಾಂ ತೂಗುವಷ್ಟು ದಟ್ಟವಾಗುತ್ತದೆ. ಮೆಗ್ನೀಷಿಯಾದ ಒಂದು ಹರಳಿನ ಸಾಂದ್ರತೆ 3.58. ಅಂದರೆ ಅಷ್ಟೆಲ್ಲ ಒತ್ತಿದ ಮೇಲೂ ಒಳಗಿನ ಜಾಗದಲ್ಲಿ ಸುಮಾರು ಆರನೇ ಒಂದು ಪಾಲು ಸಂದುಗೊಂದುಗಳೇ. ತೇವ ನುಸುಳುವುದು ಆ ಸಂದುಗಳಲ್ಲಿ. ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಲೋಹದ ಕವಚವಿದೆ, ಅಲ್ಲಿಂದ ನೀರು ಒಳಗೆ ಬಾರದು. ತಂತಿಯ ಕೊನೆ ಹೊರಬರುವ ತುದಿಯಿದೆಯಲ್ಲ, ಅದು ಗಾಳಿಗೆ ತೆರೆದುಕೊಂಡಿರುವ ಬಾಗಿಲು.

ಸುಣ್ಣದ ದಾಯಾದಿ

ಸುಟ್ಟ ಸುಣ್ಣದ ಕಲ್ಲಿಗೆ ನೀರು ಹೊಯ್ದರೆ ಅದು ಕೊತಕೊತ ಕುದಿದು, ಅರಳಿ ಹಿಟ್ಟಾಗುವುದನ್ನು ಹಳೆಯ ತಲೆಮಾರಿನವರು ಕಣ್ಣಾರೆ ಕಂಡಿದ್ದಾರೆ. ಸುಟ್ಟ ಸುಣ್ಣವೆಂದರೆ ಕ್ಯಾಲ್ಸಿಯಂ ಆಕ್ಸೈಡ್. ಮೂಲವಸ್ತುಗಳ ಕೋಷ್ಟಕದಲ್ಲಿ ಕ್ಯಾಲ್ಸಿಯಂನ ನೇರ ಮೇಲಿನ ಮನೆಯಲ್ಲಿ ಕೂತಿರುವುದು ಮೆಗ್ನೀಷಿಯಂ. ಒಂದೇ ವಂಶದವು, ಸ್ವಭಾವವೂ ಅದೇ. ಮೆಗ್ನೀಷಿಯಾ ಕೂಡ ನೀರು ಕುಡಿದು ಅರಳುತ್ತದೆ; ಸುಣ್ಣದಷ್ಟು ಅಬ್ಬರವಿಲ್ಲದೆ, ನಿಧಾನವಾಗಿ. ಅರಳಿದ ಮೇಲೆ ಅದು ಮೆಗ್ನೀಷಿಯಂ ಹೈಡ್ರಾಕ್ಸೈಡ್. ಹೊಟ್ಟೆಯುರಿಗೆ, ಮಲಬದ್ಧತೆಗೆ ಕೊಡುವ ಮಿಲ್ಕ್ ಆಫ್ ಮೆಗ್ನೀಷಿಯಾದಲ್ಲಿ ಇರುವುದು ಇದೇ.

ಈ ಬದಲಾವಣೆಯ ಲೆಕ್ಕ ಗಮನಾರ್ಹ. 100 ಗ್ರಾಂ ಮೆಗ್ನೀಷಿಯಾ ಪೂರ್ತಿ ಅರಳಿದರೆ ಸುಮಾರು 145 ಗ್ರಾಂ ಆಗುತ್ತದೆ. ಗಾತ್ರವಂತೂ ಎರಡು ಪಟ್ಟನ್ನೂ ಮೀರುತ್ತದೆ. ಉಕ್ಕಿನ ಕುಲುಮೆಗಳಿಗೆ ಒಳಗೋಡೆಯಾಗಿ ಕಟ್ಟುವ ಮೆಗ್ನೀಷಿಯಾ ಇಟ್ಟಿಗೆಗಳು ಗೋದಾಮಿನಲ್ಲಿ ತೇವ ತಾಗಿದರೆ ಬಿರುಕು ಬಿಡುವುದು ಈ ಉಬ್ಬರದಿಂದಲೇ. ಇಟ್ಟಿಗೆಯ ಒಳಗೆ ಅಲ್ಲಲ್ಲಿ ಕಣಗಳು ಉಬ್ಬಿ, ತಮ್ಮ ಸುತ್ತಲಿನದನ್ನು ಸೀಳಿಬಿಡುತ್ತವೆ.

ಇದೇ ಉಬ್ಬರವನ್ನು ಉಪಯೋಗಕ್ಕೆ ತಿರುಗಿಸಿದವರೂ ಇದ್ದಾರೆ. ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲಿ ನಾರ್ವೆಯ ಎಂಜಿನಿಯರ್ ಕ್ರಿಶ್ಚಿಯನ್ ಬರ್ಗ್ ಬಾಕರ್ ರೂಪಿಸಿದ ವಿಧಾನದಲ್ಲಿ ಕೊಳವೆಗೆ ಪುಡಿ ತುಂಬುತ್ತಿರಲಿಲ್ಲ. ತಂತಿಯ ಸುತ್ತ ಮೆಗ್ನೀಷಿಯಂ ಲೋಹವನ್ನೇ ಇಟ್ಟು, ಒತ್ತಡದ ಹಬೆ ಹಾಯಿಸುತ್ತಿದ್ದರು. ಲೋಹ ಹೈಡ್ರಾಕ್ಸೈಡ್ ಆಗಿ ಉಬ್ಬಿ ಕೊಳವೆಯೊಳಗೆ ಇಡಿಕಿರಿಯುತ್ತಿತ್ತು. ಬಳಿಕ ಕಾಯಿಸಿ ನೀರು ತೆಗೆದರೆ ಆಕ್ಸೈಡ್ ಉಳಿಯುತ್ತಿತ್ತು. ನೀರು ಸೇರಿಸಬಹುದು, ಕಾಯಿಸಿ ತೆಗೆಯಲೂಬಹುದು ಎಂಬ ಈ ಎರಡು ಮುಖದ ಗುಣ ಮುಂದೆ ನಮ್ಮ ಗೀಸರಿನ ವಿಷಯದಲ್ಲೂ ನೆರವಿಗೆ ಬರುತ್ತದೆ.

ತೇವ ಕರೆಂಟಿಗೆ ದಾರಿಯಾಗುವುದು ಹೇಗೆ

ಮೆಗ್ನೀಷಿಯಂ ಹೈಡ್ರಾಕ್ಸೈಡ್ ಒಣಗಿದ್ದರೆ ಅದೂ ಕರೆಂಟು ಹರಿಯಬಿಡುವುದಿಲ್ಲ. ತೊಂದರೆ ಕೊಡುವುದು ಕಣಗಳ ಮೈಗೆ ಅಂಟಿದ ನೀರು. ಮೊದಲು ಬಂದ ನೀರಿನ ಅಣುಗಳು ಹರಳಿನ ಮೇಲ್ಮೈಯಲ್ಲಿ ಒಡೆದು ಹೈಡ್ರಾಕ್ಸಿಲ್ ಗುಂಪುಗಳಾಗಿ ಕೂರುತ್ತವೆ. ಹರಳಿನ ನಯವಾದ ಮುಖಕ್ಕಿಂತ ಅಂಚು, ಮೂಲೆ, ಒಡಕುಗಳಲ್ಲಿ ಇದು ಬೇಗ ನಡೆಯುತ್ತದೆ. ಆ ಹೈಡ್ರಾಕ್ಸಿಲ್‌ಗಳು ಮತ್ತಷ್ಟು ನೀರನ್ನು ತಮ್ಮತ್ತ ಎಳೆಯುತ್ತವೆ. ಎರಡು ಕಣಗಳ ನಡುವಿನ ಅತಿ ಕಿರಿದಾದ ಸಂದಿನಲ್ಲಂತೂ ಗಾಳಿಯ ತೇವಾಂಶ ಶೇ 100 ಮುಟ್ಟುವ ಮೊದಲೇ ಆವಿ ದ್ರವವಾಗಿ ನಿಲ್ಲುತ್ತದೆ. ಲಾರ್ಡ್ ಕೆಲ್ವಿನ್ ಎಂದೇ ಹೆಸರಾದ ವಿಲಿಯಂ ಥಾಮ್ಸನ್ 1871ರಲ್ಲಿ ಇದರ ಗಣಿತವನ್ನು ಬಿಡಿಸಿಟ್ಟಿದ್ದರು. ಮಳೆಗಾಲದಲ್ಲಿ ಮಂಗಳೂರಿನ ಗಾಳಿಯ ತೇವಾಂಶ ಶೇ 85ನ್ನು ದಾಟಿ ದಿನಗಟ್ಟಲೆ ಅಲ್ಲೇ ಇರುತ್ತದೆ. ಸಂದುಗಳಲ್ಲಿ ನೀರು ಕಟ್ಟಿಕೊಳ್ಳಲು ಅಷ್ಟು ಸಾಕು. ಆ ನೀರಿನಲ್ಲಿ ಒಂದಿಷ್ಟು ಅಯಾನುಗಳು ಕರಗಿದರೆ, ಕಣದಿಂದ ಕಣಕ್ಕೆ ಹಾಯ್ದು ತಂತಿಯಿಂದ ಕೊಳವೆಯವರೆಗೆ ಕರೆಂಟಿಗೆ ದಾರಿ ಸಿದ್ಧ.

ಎಷ್ಟು ಸೋರಿದರೆ ಅಪಾಯ? ಒಣಗಿದ ಎಲಿಮೆಂಟಿನ, ಅಂದರೆ ಹೀಟರ್ ರಾಡಿನ, ತಡೆ 100 ಮೆಗಾ ಓಮ್ ಇದೆ ಎಂದುಕೊಳ್ಳಿ. 230 ವೋಲ್ಟಿನಲ್ಲಿ ಅದರ ಮೂಲಕ ಹರಿಯುವುದು ಎರಡು ಚಿಲ್ಲರೆ ಮೈಕ್ರೋ ಆಂಪಿಯರ್, ಯಾರಿಗೂ ಗೊತ್ತಾಗದಷ್ಟು. ತೇವದಿಂದ ಆ ತಡೆ ಕುಸಿದು ಸುಮಾರು 7,700 ಓಮ್‌ಗೆ ಇಳಿದರೆ ಸೋರಿಕೆ 30 ಮಿಲಿ ಆಂಪಿಯರ್ ತಲುಪುತ್ತದೆ. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ ಅಷ್ಟರೊಳಗೆ ಕರೆಂಟು ಕಡಿಯಲೇಬೇಕು. ಮನುಷ್ಯನ ಮೈಯಲ್ಲಿ ಹರಿದರೆ ಜೀವಕ್ಕೆ ಎರವಾಗಬಲ್ಲ ಕರೆಂಟು ಇದೇ ಆಸುಪಾಸಿನಲ್ಲಿ ಶುರುವಾಗುತ್ತದೆ. ಆದ್ದರಿಂದ ಟ್ರಿಪ್ ಆಗುವುದು ಕಿರಿಕಿರಿಯಲ್ಲ, ರಕ್ಷಣೆ.

ಮೊದಲ ಕಾವಲು ಬೆಂಕಿ

ಪುಡಿಯನ್ನು ತೇವದಿಂದ ಕಾಯುವ ಕೆಲಸ ಲೇಪಕ್ಕಿಂತ ಮೊದಲೇ, ಕುಲುಮೆಯಲ್ಲಿ ಆರಂಭವಾಗುತ್ತದೆ. ಮೆಗ್ನೀಷಿಯಾದ ಮೂಲ ಮ್ಯಾಗ್ನಸೈಟ್ ಎಂಬ ಬಿಳಿ ಕಲ್ಲು. ನಮ್ಮ ಮೈಸೂರು ಜಿಲ್ಲೆಯ ದೊಡ್ಡಕಾನ್ಯ ಸುತ್ತಮುತ್ತ, ತಮಿಳುನಾಡಿನ ಸೇಲಂ ಪಕ್ಕದ ಗುಡ್ಡಗಳಲ್ಲಿ ಇದರ ನಿಕ್ಷೇಪಗಳಿವೆ. ಜಗತ್ತಿನ ಅತಿ ದೊಡ್ಡ ನಿಕ್ಷೇಪಗಳಲ್ಲಿ ಕೆಲವು ಚೀನಾದ ಲಿಯಾವೊನಿಂಗ್ ಪ್ರಾಂತ್ಯದಲ್ಲಿವೆ. ಸಮುದ್ರದ ನೀರಿನಿಂದಲೂ ಮೆಗ್ನೀಷಿಯಾ ತೆಗೆಯುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 1.3 ಗ್ರಾಂ ಮೆಗ್ನೀಷಿಯಂ ಇರುತ್ತದೆ.

ಮ್ಯಾಗ್ನಸೈಟನ್ನು 700ರಿಂದ 1,000 ಡಿಗ್ರಿಯಲ್ಲಿ ಸುಟ್ಟರೆ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ, ಸೂಕ್ಷ್ಮ ರಂಧ್ರಗಳಿಂದ ತುಂಬಿದ, ನೀರನ್ನು ಆತುರದಿಂದ ಹೀರುವ ಪುಡಿ ಸಿಗುತ್ತದೆ. 1,500 ಡಿಗ್ರಿ ದಾಟಿಸಿ ಸುಟ್ಟರೆ ಹರಳುಗಳು ಬೆಳೆದು, ರಂಧ್ರಗಳು ಮುಚ್ಚಿ, ಆ ಆತುರ ಬಹುಪಾಲು ಅಡಗುತ್ತದೆ. ವಿದ್ಯುತ್ ಚಾಪದ ಕುಲುಮೆಯಲ್ಲಿ 2,800 ಡಿಗ್ರಿಗೂ ಮೇಲೆ ಪೂರ್ತಿ ಕರಗಿಸಿ ಆರಿಸಿದರೆ ದೊಡ್ಡ ದೊಡ್ಡ ಹರಳುಗಳ ಗಟ್ಟಿ ದೊರೆಯುತ್ತದೆ. ಹೀಟರ್‌ಗೆ ಬಳಸುವುದು ಹೀಗೆ ಕರಗಿಸಿ, ಕುಟ್ಟಿ, ಜರಡಿ ಹಿಡಿದ ಪುಡಿಯನ್ನು. ಪದಾರ್ಥ ಮೂರರಲ್ಲೂ ಒಂದೇ. ಬದಲಾಗಿರುವುದು ಗಾಳಿಗೆ ತೆರೆದ ಮೈ ಎಷ್ಟು ಎಂಬುದು ಮಾತ್ರ. ಪುಡಿಯ ವಿಷಯದಲ್ಲಿ ಈ ಪಾಠ ಮುಖ್ಯ: ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಅದರ ಒಡಲಿಗಿಂತ ಹೆಚ್ಚಾಗಿ ಅದರ ಮೈ ತೀರ್ಮಾನಿಸುತ್ತದೆ.

ಆದರೆ ಕರಗಿಸಿದ ಹರಳನ್ನು ಕುಟ್ಟಿದಾಗ ಹೊಸ ಅಂಚು, ಹೊಸ ಮೂಲೆಗಳು ಹುಟ್ಟುತ್ತವೆ. ತೇವ ಹುಡುಕುವುದು ಅವನ್ನೇ. ಬೆಂಕಿಯ ಕಾವಲಿನ ಮೇಲೆ ಇನ್ನೊಂದು ಕಾವಲು ಬೇಕಾಗುವುದು ಇಲ್ಲಿ.

ಎರಡನೇ ಕಾವಲು ಸಿಲಿಕೋನ್

1940ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯೂಜೀನ್ ರೋಚೋ ಸಿಲಿಕಾನ್‌ನಿಂದ ನೇರವಾಗಿ ಮೀಥೈಲ್ ಕ್ಲೋರೋಸಿಲೇನ್‌ಗಳನ್ನು ಮಾಡುವ ವಿಧಾನ ಕಂಡುಹಿಡಿದರು. ಸಿಲಿಕೋನ್ ಉದ್ಯಮ ನಿಂತಿರುವುದೇ ಈ ವಿಧಾನದ ಮೇಲೆ. ಅದೇ ಕಂಪನಿಯ ವಿಂಟನ್ ಪ್ಯಾಟ್ನೋಡ್, ಆ ರಾಸಾಯನಿಕಗಳ ಆವಿ ತಗುಲಿದ ವಸ್ತುಗಳ ಮೈ ನೀರನ್ನು ದೂರ ತಳ್ಳುವುದನ್ನು ಗುರುತಿಸಿದರು. ಅದರ ಪೇಟೆಂಟ್ ಬಂದಿದ್ದು 1942ರಲ್ಲಿ. ಅಲ್ಲಿಂದ ಮುಂದೆ ಗಾಜು, ಬಟ್ಟೆ, ಕಟ್ಟಡದ ಕಲ್ಲು, ಖನಿಜದ ಪುಡಿ ಎಲ್ಲಕ್ಕೂ ಈ ಬಗೆಯ ಉಪಚಾರ ಹಬ್ಬಿತು.

ಹೀಟರ್ ಪುಡಿಗೆ ಸಾಮಾನ್ಯವಾಗಿ ಬಳಸುವುದು ಮೀಥೈಲ್ ಹೈಡ್ರೋಜನ್ ಸಿಲಿಕೋನ್ ಎಂಬ ತಿಳಿ ಎಣ್ಣೆ. ಅದರ ಅಣುವಿನ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿ. ಪ್ರತಿ ಸಿಲಿಕಾನ್‌ಗೆ ಒಂದು ಮೀಥೈಲ್ ಗುಂಪು, ಒಂದು ಹೈಡ್ರೋಜನ್ ಅಂಟಿಕೊಂಡಿರುತ್ತವೆ. ಪುಡಿಯ ಮೈಮೇಲಿನ ಹೈಡ್ರಾಕ್ಸಿಲ್ ಸಿಕ್ಕಿದೊಡನೆ ಈ ಹೈಡ್ರೋಜನ್ ಅನಿಲವಾಗಿ ಬಿಟ್ಟುಹೋಗುತ್ತದೆ, ಸಿಲಿಕಾನ್ ಅಲ್ಲಿ ಹಿಡಿದು ಕೂರುತ್ತದೆ. ಮಗ್ಗುಲಿನ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ಕಣದ ಸುತ್ತ ಬಲೆಯಾಗುತ್ತವೆ. ಮೀಥೈಲ್ ಗುಂಪುಗಳು ಹೊರಮುಖವಾಗಿ ನಿಲ್ಲುತ್ತವೆ. ನೀರಿನ ಅಣುವಿಗೆ ಅವುಗಳಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಪುಡಿ ತೀರಾ ಒಣಗಿದ್ದರೆ ಲೇಪಕ್ಕೂ ಹಿಡಿತ ಸಿಗದು ಎಂಬುದು ಇಲ್ಲಿನ ಸೂಕ್ಷ್ಮ. ತೇವ ಮೊದಲು ಮೂಡಿಸಿದ ತೆಳುವಾದ ಹೈಡ್ರಾಕ್ಸಿಲ್ ಪದರವೇ ತೇವವನ್ನು ತಡೆಯುವ ಲೇಪಕ್ಕೆ ಬೇರು.

ಬಲೆಯ ಹೆಣಿಗೆಗೆ ಇಲ್ಲಿ ವಿಶೇಷ ಬೆಲೆಯಿದೆ. ಗಾಜಿನ ಮೇಲೆ ಸಿಲೇನ್, ಅಂದರೆ ಇಂಥ ಸಿಲಿಕಾನ್ ಸಂಯುಕ್ತ, ಕಟ್ಟುವ ಬಂಧ ಗಟ್ಟಿ. ಮೆಗ್ನೀಷಿಯಂ ಮೇಲೆ ಕಟ್ಟುವ ಬಂಧ ಅಷ್ಟು ಗಟ್ಟಿಯಲ್ಲ, ನೀರು ಅದನ್ನು ಮೆಲ್ಲಗೆ ಬಿಡಿಸಬಲ್ಲದು. ಒಂದೆರಡು ಕಡೆ ಹಿಡಿತ ತಪ್ಪಿದರೂ ಬಲೆ ಒಟ್ಟಾಗಿ ನಿಂತಿದ್ದರೆ ಲೇಪ ಉಳಿಯುತ್ತದೆ.

ಎಷ್ಟು ಎಣ್ಣೆ ಬೇಕು? ಒಂದು ಗ್ರಾಂ ಪುಡಿಯ ಕಣಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ 0.3 ಚದರ ಮೀಟರ್ ಆಗುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಒಂದು ಕಿಲೋ ಪುಡಿಯ ಮೈ 300 ಚದರ ಮೀಟರ್, ಅಂದರೆ 30x40ರ ಸೈಟು ಹತ್ತಿರ ಹತ್ತಿರ ಮೂರು. ಅಣುಗಳ ಒಂದೇ ಪದರದಷ್ಟು ತೆಳುವಾಗಿ ಹರಡಿದರೆ ಒಂದು ಗ್ರಾಂ ಎಣ್ಣೆ ಅಷ್ಟನ್ನೂ ಮುಚ್ಚಬಲ್ಲದು. ರೂಢಿಯಲ್ಲಿ ಕಿಲೋಗೆ ಕೆಲವು ಗ್ರಾಂ ಹಾಕುತ್ತಾರೆ. ಕಷ್ಟವಿರುವುದು ಅಳತೆಯಲ್ಲಿ ಅಲ್ಲ, ಆ ಕೆಲವು ಗ್ರಾಂ ಎಣ್ಣೆಯನ್ನು ಕೋಟ್ಯಂತರ ಕಣಗಳಿಗೆ ಸಮನಾಗಿ ಹಂಚುವುದರಲ್ಲಿ. ಮಿಕ್ಸರಿನಲ್ಲಿ ಪುಡಿ ತಿರುಗುತ್ತಿರುವಾಗ ಎಣ್ಣೆಯನ್ನು ನುಣ್ಣಗೆ ಸಿಂಪಡಿಸಿ, ಸಾಕಷ್ಟು ಹೊತ್ತು ಕಲಸಿ, ಆಮೇಲೆ ಕಾಯಿಸಿ ಲೇಪವನ್ನು ಹದಕ್ಕೆ ತರಬೇಕು. ಹೊರಬರುವ ಹೈಡ್ರೋಜನ್ ಬೆಂಕಿ ಹಿಡಿಯುವ ಅನಿಲವಾದ್ದರಿಂದ ಗಾಳಿಯಾಡುವ ವ್ಯವಸ್ಥೆ ಇರಲೇಬೇಕು. ಅವಸರದಲ್ಲಿ ಕಲಸಿದ ಪುಡಿಯಲ್ಲಿ ಕೆಲವು ಕಣಗಳಿಗೆ ದಪ್ಪ ಲೇಪ, ಕೆಲವಕ್ಕೆ ಬರಿಮೈ. ತೇವ ಆ ಬರಿಮೈ ಕಣಗಳನ್ನು ಹಿಡಿದೇ ಮುಂದೆ ಸಾಗುತ್ತದೆ.

ಲೇಪ ಸರಿಯಾಗಿ ಕೂತಿದೆಯೇ ಎಂದು ನೋಡಲು ಕಣ್ಣಿಗೆ ಕಟ್ಟುವಂಥ ಪರೀಕ್ಷೆಯೊಂದಿದೆ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಬರಿಯ ಪುಡಿಯನ್ನು ಉದುರಿಸಿದರೆ ಅದು ನೆನೆದು ನೇರ ತಳ ಸೇರುತ್ತದೆ. ಲೇಪವಿರುವ ಪುಡಿಯನ್ನು ಉದುರಿಸಿದರೆ ನೀರಿನ ಮೇಲೆ ಬಿಳಿಯ ಹಾಸಾಗಿ ತೇಲುತ್ತದೆ. ನೀರಿಗಿಂತ ಮೂರೂವರೆ ಪಟ್ಟು ಭಾರದ ಪದಾರ್ಥ ಹೀಗೆ ತೇಲುವುದು ನೋಡಿದವರಿಗೆ ಅಚ್ಚರಿ. ಚಮಚದಿಂದ ಮೆಲ್ಲಗೆ ಒತ್ತಿದರೆ ನೀರು ತಗ್ಗುತ್ತದೆ, ಪುಡಿ ಮಾತ್ರ ಒಣಗಿಯೇ ಇರುತ್ತದೆ. ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಬಿಟ್ಟರೆ ನೀರಿನ ಮೇಲ್ಮೈ ಎಳೆತ ಕುಗ್ಗಿ, ತೇಲುತ್ತಿದ್ದುದು ಮುಳುಗಲು ತೊಡಗುತ್ತದೆ. ಪ್ರಯೋಗಾಲಯದಲ್ಲಿ ಸಾಬೂನಿನ ಬದಲು ಮೆಥನಾಲ್ ಸೇರಿಸುತ್ತ ಹೋಗುತ್ತಾರೆ. ಪುಡಿ ಮುಳುಗಲು ಎಷ್ಟು ಹೆಚ್ಚು ಮೆಥನಾಲ್ ಬೇಕಾಯಿತೋ ಲೇಪ ಅಷ್ಟು ಚೆನ್ನಾಗಿದೆ ಎಂದರ್ಥ.

ಲೇಪದ ಮಿತಿಗಳು

ತೇಲುವ ಪುಡಿಯನ್ನು ನೋಡಿ ಇನ್ನು ತೇವದ ಚಿಂತೆಯಿಲ್ಲ ಎಂದುಕೊಳ್ಳುವುದು ತಪ್ಪು. ಸಿಲಿಕೋನ್ ತಡೆಯುವುದು ನೀರಿನ ಹನಿಯನ್ನು. ಆವಿಯಾಗಿ ಬರುವ ನೀರಿನ ಬಿಡಿ ಅಣುಗಳಿಗೆ ಸಿಲಿಕೋನ್ ಪದರ ಸಾಕಷ್ಟು ಸಡಿಲ, ಅವು ನುಸುಳಿ ಹೋಗಬಲ್ಲವು. ಹಾಗಾದರೆ ಲೇಪದಿಂದ ಲಾಭವೇನು? ಲೇಪವಿರುವ ಸಂದಿನಲ್ಲಿ ಆವಿ ಸುಲಭವಾಗಿ ದ್ರವವಾಗಿ ನಿಲ್ಲುವುದಿಲ್ಲ. ಅಣುಗಳು ಬಂದರೂ ಒಟ್ಟುಗೂಡಿ ಕರೆಂಟಿಗೆ ದಾರಿಯಾಗುವುದು ತಡವಾಗುತ್ತದೆ, ಹರಳು ಅರಳುವ ವೇಗವೂ ತಗ್ಗುತ್ತದೆ. ಲೇಪ ಕೊಡುವುದು ಸಮಯವನ್ನು. ಆ ಸಮಯ ತಯಾರಿಕೆಗೂ ದಾಸ್ತಾನಿಗೂ ಬಳಕೆಗೂ ಬೇಕಾದಷ್ಟಿದ್ದರೆ ಅದು ಗೆದ್ದಂತೆ. ತೇವನಿರೋಧಕ ಎಂಬ ಮಾತನ್ನು ತೇವ ಎಂದೆಂದಿಗೂ ಬಾರದು ಎಂದು ಓದಿದರೆ ಮೋಸಹೋಗುತ್ತೇವೆ.

ಎರಡನೇ ಮಿತಿ ಬಿಸಿ. ಸಿಲಿಕೋನಿನ ಬೆನ್ನೆಲುಬು ಗಟ್ಟಿಯೇ, ಆದರೆ ನೀರನ್ನು ದೂರವಿಡುವ ಮೀಥೈಲ್ ಗುಂಪುಗಳು ಇಂಗಾಲದವು. 300ರಿಂದ 400 ಡಿಗ್ರಿ ದಾಟುತ್ತ ಹೋದಂತೆ ಅವು ಸುಟ್ಟುಹೋಗಿ ಸಿಲಿಕಾ ಉಳಿಯುತ್ತದೆ. ಅದು ನೀರನ್ನು ದೂರ ತಳ್ಳುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಸುಡಲು ಗಾಳಿ ಸಾಲದಿದ್ದರೆ ಇಂಗಾಲದ ಕರಿ ಉಳಿದು, ಅದೇ ಕರೆಂಟಿಗೆ ದಾರಿ ಮಾಡಿಕೊಡಬಹುದು. ಆದ್ದರಿಂದ ನೀರು ಕಾಯಿಸುವಂಥ ಕಡಿಮೆ ಬಿಸಿಯ ಎಲಿಮೆಂಟುಗಳಿಗೆ ಲೇಪದ ಪುಡಿ, ಒಲೆ ಮತ್ತು ಓವನ್ನುಗಳ ಕೆಂಪಗೆ ಕಾಯುವ ಎಲಿಮೆಂಟುಗಳಿಗೆ ಬೇರೆ ದರ್ಜೆಯ ಪುಡಿ ಎಂಬ ಭೇದ ಈ ಉದ್ಯಮದಲ್ಲಿದೆ. ಬಗ್ಗಿಸುವ ಮೊದಲು ಸ್ಟೀಲಿನ ಕೊಳವೆಯನ್ನು 1,000 ಡಿಗ್ರಿ ಆಸುಪಾಸು ಕಾಯಿಸಿ ಮೆದುಗೊಳಿಸಬೇಕಾದ ಕಡೆಯೂ ಸಾಧಾರಣ ಸಿಲಿಕೋನ್ ಲೇಪ ಬದುಕುವುದಿಲ್ಲ.

ಮೂರನೆಯದು ರೋಲರ್‌ಗಳ ಒತ್ತಡ. ಲೇಪ ಹಚ್ಚುವುದು ಕೊಳವೆಗೆ ತುಂಬುವ ಮುಂಚೆ. ಆಮೇಲೆ ಕೊಳವೆಯನ್ನು ಒತ್ತುವಾಗ ಕಣಗಳು ಒಡೆಯುತ್ತವೆ. ಒಡೆದ ಹೊಸ ಮುಖಗಳಿಗೆ ಲೇಪವಿಲ್ಲ. ಇದನ್ನು ಸರಿದೂಗಿಸೋಣವೆಂದು ಎಣ್ಣೆ ಹೆಚ್ಚು ಹಾಕಿದರೆ ಪುಡಿ ಉಂಡೆಗಟ್ಟಿ, ಕೊಳವೆಯೊಳಗೆ ಸರಾಗವಾಗಿ ಇಳಿಯದೆ ಟೊಳ್ಳು ಬಿಡುತ್ತದೆ. ಟೊಳ್ಳಿದ್ದ ಕಡೆ ತಂತಿಯ ಬಿಸಿ ಹೊರಗೆ ದಾಟದೆ ತಂತಿಯೇ ಸುಟ್ಟುಹೋಗುತ್ತದೆ. ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ನಷ್ಟ.

ಆದ್ದರಿಂದಲೇ ಲೇಪವನ್ನು ಒಂಟಿ ಕಾವಲುಗಾರನನ್ನಾಗಿ ನಿಲ್ಲಿಸುವಂತಿಲ್ಲ. ತಂತಿ ಹೊರಬರುವ ತುದಿಯನ್ನು ಸಿಲಿಕೋನ್ ರಬ್ಬರ್, ಎಪಾಕ್ಸಿ ಇಲ್ಲವೇ ಗಾಜಿನಿಂದ ಮುಚ್ಚಬೇಕು. ಇದೇ ಮೆಗ್ನೀಷಿಯಾ ತುಂಬಿದ, ತಾಮ್ರದ ಹೊದಿಕೆಯ ಖನಿಜ ಕೇಬಲ್‌ಗಳು ಬೆಂಕಿಯಲ್ಲೂ ಕೆಲಸ ಮಾಡುತ್ತವೆಂದು ಹೆಸರುವಾಸಿ. 1896ರಲ್ಲಿ ಸ್ವಿಟ್ಜರ್ಲೆಂಡಿನ ಅರ್ನಾಲ್ಡ್ ಫ್ರಾನ್ಸ್ವಾ ಬೊರೆಲ್ ಪೇಟೆಂಟ್ ಪಡೆದ ಕಲ್ಪನೆ ಅದು. ಆ ಕೇಬಲ್ ಎಳೆಯುವವರಿಗೆ ಮೊದಲು ಕಲಿಸುವುದು, ತುಂಡು ಮಾಡಿದ ತುದಿಯನ್ನು ಸೀಲ್ ಮಾಡದೆ ಹಾಗೇ ಬಿಡಬಾರದು ಎಂದು.

ಬೇರೆ ಪುಡಿ, ಬೇರೆ ಲೇಪ

ಇದೇ ವಿದ್ಯೆ ಇಂದು ಹೀಟರಿನ ಆಚೆಗೂ ಹೋಗಿದೆ. ಎಲ್‌ಇಡಿ ದೀಪ, ಎಲೆಕ್ಟ್ರಾನಿಕ್ ಸಾಧನಗಳ ಬಿಸಿಯನ್ನು ಹೊರಸಾಗಿಸಲು ಪ್ಲಾಸ್ಟಿಕ್, ಅಂಟು, ಪೇಸ್ಟುಗಳಿಗೆ ಆಕ್ಸೈಡ್ ಪುಡಿ ಬೆರೆಸುತ್ತಾರೆ. ಅಲ್ಲಿ ರೂಢಿಯಲ್ಲಿರುವ ಅಲ್ಯೂಮಿನಾಕ್ಕಿಂತ ಮೆಗ್ನೀಷಿಯಾ ಬಿಸಿಯನ್ನು ಚೆನ್ನಾಗಿ ಸಾಗಿಸುತ್ತದೆ, ಅಷ್ಟು ಗಡಸೂ ಅಲ್ಲದ್ದರಿಂದ ಯಂತ್ರ ಸವೆಯುವುದು ಕಡಿಮೆ. ಅಡ್ಡ ಬರುವುದು ತೇವವೇ. ಪ್ಲಾಸ್ಟಿಕ್ಕಿನ ಒಳಗೆ ಕಣ ಅರಳಿದರೆ ಬಿರುಕು. ಅದರ ಕ್ಷಾರಗುಣದಿಂದ ಕೆಲವು ಪ್ಲಾಸ್ಟಿಕ್‌ಗಳು ತಾವೇ ಶಿಥಿಲವಾಗುತ್ತವೆ. ಇಲ್ಲಿ ಉದ್ದನೆಯ ಇಂಗಾಲದ ಬಾಲವಿರುವ ಸಿಲೇನ್‌ಗಳನ್ನು ಹಚ್ಚುತ್ತಾರೆ, ಅವು ತೇವವನ್ನು ದೂರವಿಟ್ಟು ಪ್ಲಾಸ್ಟಿಕ್ಕಿನೊಂದಿಗೆ ಬೆರೆಯಲೂ ನೆರವಾಗುತ್ತವೆ. ಇನ್ನೊಂದು ದಾರಿ, ಕಣದ ಮೇಲೆ ಸಿಲಿಕಾ ಕೂರಿಸಿ ಹೆಚ್ಚು ಬಿಸಿಯಲ್ಲಿ ಸುಟ್ಟು, ಮೆಗ್ನೀಷಿಯಾದೊಡನೆ ಕೂಡಿಸಿ ಫಾರ್ಸ್ಟೆರೈಟ್ ಎಂಬ ಖನಿಜದ ಚಿಪ್ಪು ಮಾಡುವುದು. ಚಿಪ್ಪು ಬಿಸಿಗೆ ಹೆದರುವುದಿಲ್ಲ. ಆದರೆ ದುಬಾರಿ, ಬಿರುಕು ಬಿಟ್ಟರೆ ಕೂಡಿಕೊಳ್ಳದು. ಇಂಥ ಪುಡಿಗಳನ್ನು 85 ಡಿಗ್ರಿ ಬಿಸಿ, ಶೇ 85 ತೇವಾಂಶದ ಪೆಟ್ಟಿಗೆಯಲ್ಲಿ ನೂರಾರು ಗಂಟೆ ಇಟ್ಟು, ತೂಕ ಎಷ್ಟು ಏರಿತು ಎಂದು ನೋಡುತ್ತಾರೆ.

ಬಣ್ಣಗಳಲ್ಲಿರುವ ಟೈಟಾನಿಯಂ ಡೈ ಆಕ್ಸೈಡ್‌ಗೆ ಅಲ್ಯೂಮಿನಾ, ಸಿಲಿಕಾಗಳ ಲೇಪ, ಸನ್‌ಸ್ಕ್ರೀನ್ ಕ್ರೀಮಿನ ಸತುವಿನ ಆಕ್ಸೈಡ್‌ಗೆ ಸಿಲಿಕೋನಿನ ಲೇಪ ಹಚ್ಚುವುದೂ ಇದೇ ಕುಟುಂಬದ ಕೆಲಸ. ಅಲ್ಲಿ ಉದ್ದೇಶ ಬೇರೆ: ಬಿಸಿಲಿಗೆ ಬಣ್ಣ ಕೆಡದಿರಲಿ, ಬೆವರಿಗೆ ಕ್ರೀಮು ತೊಳೆದುಹೋಗದಿರಲಿ ಎಂದು.

ನಮ್ಮ ಪಾಲಿನ ಕೆಲಸ

ಇಷ್ಟನ್ನು ತಿಳಿದ ಮೇಲೆ ಮನೆಯಲ್ಲಿ ಮಾಡಬೇಕಾದ್ದೇನು? ಮೊದಲನೆಯದು, ಗೀಸರ್ ಟ್ರಿಪ್ ಆಗುತ್ತಿದೆಯೆಂದು ಆರ್‌ಸಿಸಿಬಿ ತಪ್ಪಿಸಿ ಲೈನು ಕೊಡಬಾರದು, ಅರ್ತ್ ವೈರ್ ಕಿತ್ತುಹಾಕಲೇಬಾರದು. ಈ ಉಪಾಯ ಹೇಳುವವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ, ಅದರಂತೆ ನಡೆಯುವವರೂ ಇದ್ದಾರೆ. ಅರ್ತ್ ಕಿತ್ತರೆ ಸೋರಿಕೆ ನಿಲ್ಲುವುದಿಲ್ಲ. ಹೋಗಲು ದಾರಿ ಕಾಣದೆ ಕೊಳವೆಯ ಮೇಲೆ, ನಲ್ಲಿಯ ನೀರಿನಲ್ಲಿ ಕಾದು ಕೂರುತ್ತದೆ, ಒದ್ದೆಗಾಲಿನಲ್ಲಿ ನಿಂತವರ ಮೂಲಕ ನೆಲಕ್ಕಿಳಿಯುತ್ತದೆ.

ಎರಡನೆಯದು, ಮೆಗ್ಗರ್ ಇರುವ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸುವುದು. ವೈರು ಬಿಚ್ಚಿ, ಎಲಿಮೆಂಟಿನ ತುದಿಗೂ ಲೋಹದ ಕವಚಕ್ಕೂ ನಡುವೆ 500 ವೋಲ್ಟ್ ಕೊಟ್ಟು ತಡೆ ಎಷ್ಟಿದೆ ಎಂದು ಅದು ಅಳೆಯುತ್ತದೆ. ತಡೆ ಕುಸಿದಿದ್ದರೆ ಕಾರಣ ಎರಡಿರಬಹುದು. ಪುಡಿಗೆ ತೇವ ಬಂದಿದ್ದರೆ, ತಿಳಿದವರು ಎಲಿಮೆಂಟ್ ಬಿಚ್ಚಿ ಹದವಾದ ಬಿಸಿಯಲ್ಲಿ ಒಣಗಿಸಿದಾಗ ತಡೆ ಮೇಲೇರುತ್ತದೆ. ಅಂಟಿದ ನೀರು 100 ಡಿಗ್ರಿಗಿಂತ ತುಸು ಮೇಲೇ ಹೊರಡುತ್ತದೆ. ಹೈಡ್ರಾಕ್ಸೈಡ್ ಆಗಿಹೋದ ಭಾಗ ಆಕ್ಸೈಡಿಗೆ ಮರಳಲು ಮಾತ್ರ 350 ಡಿಗ್ರಿ ಆಸುಪಾಸು ಬೇಕು. ಒಣಗಿಸಿದ ಮೇಲೂ ತಡೆ ಏರದಿದ್ದರೆ ಗಡಸು ನೀರಿನ ಪೊರೆಯಡಿ ಕವಚವೇ ತೂತಾಗಿರುವ ಸಂಭವ ಹೆಚ್ಚು. ಆಗ ಎಲಿಮೆಂಟ್ ಬದಲಿಸದೆ ಬೇರೆ ದಾರಿಯಿಲ್ಲ. ಒಣಗಿಸುತ್ತೇವೆಂದು ಮನೆಯವರೇ ಇಮ್ಮರ್ಶನ್ ರಾಡನ್ನು ನೀರಿಲ್ಲದೆ ಸ್ವಿಚ್ ಹಾಕಬಾರದು. ನಿಮಿಷದೊಳಗೆ ಅದು ಸುಟ್ಟು ಹಾಳಾಗುತ್ತದೆ, ಕೈಯನ್ನೂ ಸುಡುತ್ತದೆ.

ಮೂರನೆಯದು ಕೊಳ್ಳುವಾಗಿನ ಎಚ್ಚರ. ಖನಿಜ ತುಂಬಿದ ಹೀಟಿಂಗ್ ಎಲಿಮೆಂಟಿಗೆ ಐಎಸ್ 4159, ಇಮ್ಮರ್ಶನ್ ಹೀಟರಿಗೆ ಐಎಸ್ 368, ಶೇಖರಣಾ ಗೀಸರಿಗೆ ಐಎಸ್ 2082 ಎಂಬ ಭಾರತೀಯ ಮಾನಕಗಳಿವೆ. ಇಮ್ಮರ್ಶನ್ ರಾಡ್ ಮತ್ತು ಗೀಸರ್‌ಗಳಿಗೆ ಐಎಸ್‌ಐ ಗುರುತು ಕಾನೂನಿನ ಪ್ರಕಾರ ಕಡ್ಡಾಯ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ, ಗುರುತಿಲ್ಲದ ರಾಡಿನಲ್ಲಿ ಯಾವ ಪುಡಿಯಿದೆ, ಅದಕ್ಕೆ ಲೇಪವಿದೆಯೇ, ತುದಿ ಮುಚ್ಚಿದೆಯೇ ಎಂದು ಹೊರಗಿನಿಂದ ನೋಡಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಕಣ್ಣಿಗೆ ಕಾಣದ ಗುಣವನ್ನು ಪರೀಕ್ಷೆ ಮಾತ್ರ ತೋರಿಸಬಲ್ಲದು, ಆ ಪರೀಕ್ಷೆ ನಡೆದಿದೆ ಎಂಬುದಕ್ಕೆ ಗುರುತು ಸಾಕ್ಷಿ.

ತಯಾರಕರಿಗೂ ಒಂದು ಮಾತು ಸಲ್ಲಬೇಕು. ನಮ್ಮ ದೇಶದ ದೊಡ್ಡ ಭಾಗ ವರ್ಷದ ಮೂರು ನಾಲ್ಕು ತಿಂಗಳು ತೇವದಲ್ಲೇ ಬದುಕುತ್ತದೆ. ಇಲ್ಲಿಗೆ ಮಾಡುವ ಉಪಕರಣ ಒಣಹವೆಯ ಊರಿನಲ್ಲಿ ಪಾಸಾದರೆ ಸಾಲದು. ಪುಡಿಯ ಚೀಲ ಬಿಚ್ಚಿದ ಮೇಲೆ ಎಷ್ಟು ಹೊತ್ತು ಗಾಳಿಗಿತ್ತು, ತುಂಬಿದ ಕೊಳವೆ ಸೀಲ್ ಆಗುವ ಮುನ್ನ ಎಷ್ಟು ದಿನ ಕಾದಿತ್ತು ಎಂಬುದನ್ನು ಮಳೆಗಾಲದಲ್ಲಿ ಬರೆದಿಡುವ ಶಿಸ್ತು ಸಣ್ಣ ಘಟಕಗಳಿಗೂ ಬರಬೇಕು. ಅದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ಪಾಠ ಹೇಳುವವರು ಹಳೆಯ ಎಲಿಮೆಂಟೊಂದನ್ನು ಕೊಯ್ದು ಒಳಗಿನ ಪುಡಿಯನ್ನು ಮಕ್ಕಳಿಗೆ ತೋರಿಸಿ, ಒದ್ದೆ ಮಾಡಿ ಒಮ್ಮೆ, ಒಣಗಿಸಿ ಒಮ್ಮೆ ಮೆಗ್ಗರ್ ಹಿಡಿಸಿದರೆ ಒಂದು ತಾಸಿನ ಪಾಠ ಜೀವನವಿಡೀ ನೆನಪಿರುತ್ತದೆ. ಒಳಗೆ ಏನಿದೆ ಎಂದು ಕಂಡ ಹುಡುಗ ಮುಂದೆ ಯಾರ ಮನೆಯಲ್ಲೂ ಅರ್ತ್ ವೈರ್ ಕೀಳಲಾರ.